ಒಂದೇ ನಂಬರಿನ ಹಾಲು

ಹಗರೆಯಿಂದ ಎರಡು ಮೈಲಿ ಒಳಗಿರುವ ಆ ಊರಿನ ಡೇರಿಯಲ್ಲಿ ಬೆಳಗಿನ ಹಾಲು ಹಾಕಿಸಿಕೊಳ್ಳುವುದು ಆರೂವರೆಗೆ ಶುರುವಾಗುತ್ತದೆ. ಸಂಕ್ರಾಂತಿಗೆ ಮುಂಚಿನ ಸೋಮವಾರ ನಾನು ಆರಕ್ಕೇ ಅಲ್ಲಿದ್ದೆ. ಹಿಂದಿನ ದಿನ ಅರಸೀಕೆರೆಯಿಂದ ಬಂದು ಹಳೇಬೀಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ಆಟೊ ಮಾತಾಡಿಕೊಂಡು ಹೋಗಿದ್ದೆ. ಜೊತೆಗೆ ಒಂದು ಐಸ್ ಡಬ್ಬ, ಐವತ್ತು ಪ್ಲಾಸ್ಟಿಕ್ ಟ್ಯೂಬು, ಒದ್ದೆಯಾದರೂ ಅಳಿಸದ ಪೆನ್ನು, ಒಂದು ಉದ್ದನೆಯ ನೋಟ್ ಪುಸ್ತಕ.

ನಾನು ಆ ಸಂಶೋಧನೆಯ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಕಂದು ರೋಗದ ಮೇಲೆ ನಮ್ಮ ಕೆಲಸ. ಗಬ್ಬದ ಹಸು ದಿನ ತುಂಬುವ ಮೊದಲೇ ಕರು ಹಾಕಿಬಿಡುವ ರೋಗ ಅದು. ಅದೇ ಸೂಕ್ಷ್ಮಜೀವಿ ಹಸಿ ಹಾಲಿನಿಂದಲೋ, ಕರು ಹಾಕಿಸುವ ಕೈಗಳಿಂದಲೋ ಮನುಷ್ಯರಿಗೂ ದಾಟುತ್ತದೆ. ಆಗ ಸಂಜೆಸಂಜೆ ಜ್ವರ, ಬೆವರು, ಕೀಲು ನೋವು. ಮಾತ್ರೆ ನುಂಗಿದರೆ ಇಳಿದು ಮತ್ತೆ ಬರುವ ಈ ಜ್ವರವನ್ನು ಟೈಫಾಯಿಡ್ ಎಂದುಕೊಂಡು ತಿಂಗಳುಗಟ್ಟಲೆ ಓಡಾಡುವವರಿದ್ದಾರೆ. ಹಸುವಿನಲ್ಲಿ ಸಿಕ್ಕ ಜೀವಿಯನ್ನೂ ಜ್ವರ ಬಂದವರಲ್ಲಿ ಸಿಕ್ಕ ಜೀವಿಯನ್ನೂ ಬೆಂಗಳೂರಿನ ಲ್ಯಾಬಿನಲ್ಲಿ ಬೆಳೆಸಿ, ಎರಡರ ಜೀನೋಮನ್ನೂ ಅಕ್ಷರ ಅಕ್ಷರ ಓದಿ, ಯಾವ ಕೊಟ್ಟಿಗೆಯಿಂದ ಯಾರ ಮೈಗೆ ಹೋಯಿತು ಎಂದು ಹೇಳಲಾಗುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಲ್ಯಾಬಿಗೆ ಬೇಕಾದದ್ದನ್ನು ಊರುಗಳಿಂದ ತಂದು, ಅರಸೀಕೆರೆಯಲ್ಲಿ ರೈಲು ಹತ್ತಿಸುವವಳು ನಾನು.

ಹಾಲನ್ನು ಕೊಟ್ಟಿಗೆಗೇ ಹೋಗಿ ಕೆಚ್ಚಲಿನಿಂದ ನೇರವಾಗಿ ಹಿಡಿಯಬೇಕು ಎಂದು ನಮಗೆ ಕಲಿಸಿದ್ದರು. ಹಾಗೆ ಮಾಡಿದರೆ ಒಂದು ಬೆಳಿಗ್ಗೆ ಆರೇಳು ಮನೆ ಮುಗಿಸುವುದೇ ಕಷ್ಟ. ಗೆಂಡೆಹಳ್ಳಿ ಕಡೆಯ ಊರುಗಳಲ್ಲಿ ಹಾಗೆ ಮಾಡಿ ಎರಡು ವಾರ ಹಿಂದೆ ಬಿದ್ದಿದ್ದೆ. ಡೇರಿಯಲ್ಲಿ ಪ್ರತಿ ಮನೆಗೂ ಒಂದು ನಂಬರ್ ಇದೆ, ಆ ಊರಿನಲ್ಲಿ ಹೆಚ್ಚಿನವರು ಕಟ್ಟಿರುವುದು ಒಂದೇ ಹಸು. ಕ್ಯಾನಿನಿಂದಲೇ ಒಂದೊಂದು ಟ್ಯೂಬ್ ಹಾಲು ತೆಗೆದುಕೊಂಡು ಡೇರಿ ನಂಬರನ್ನೇ ಟ್ಯೂಬಿನ ಮೇಲೆ ಬರೆದರೆ ಒಂದು ಗಂಟೆಯಲ್ಲಿ ಇಡೀ ಊರು ಮುಗಿಯುತ್ತದೆ. ಈ ಉಪಾಯ ನನ್ನದೇ. ನಮ್ಮ ಗೈಡ್ ಮೇಡಂ ಫೋನಿನಲ್ಲಿ ಕೇಳಿ, “ನಂಬರ್ ಪಕ್ಕಾ ತಾನೆ?” ಎಂದಿದ್ದರು. ಪಕ್ಕಾ ಎಂದಿದ್ದೆ.

ಡೇರಿ ಸೆಕ್ರೆಟ್ರಿ ನನ್ನ ಟ್ಯೂಬುಗಳ ಸಾಲು ನೋಡಿ ನಕ್ಕರು.

“ಏನ್ ಮೇಡಂ, ನಮ್ ಹಾಲಿಗೂ ಜಾತಕ ಬರೆಸ್ತೀರಾ?”

“ಹೂಂ ಸಾರ್, ಬೆಂಗಳೂರಿಂದ ಬರುತ್ತೆ.”

“ಹಂಗಾರೆ ಯಾರ್ ಎಷ್ಟ್ ನೀರ್ ಬೆರಸವ್ರೆ ಅಂತ್ಲೂ ಬರ್ಸಿ. ನಂಗೊಂದ್ ಕೆಲ್ಸ ಕಮ್ಮಿ ಆಯ್ತದೆ.”

ಸಾಲಿನಲ್ಲಿದ್ದ ಹೆಂಗಸೊಬ್ಬರು ಬಿಡಲಿಲ್ಲ. “ನಿನ್ ಮಿಷನ್ನಿಗೆ ಮೊದ್ಲು ಕನ್ನಡಕ ಹಾಕ್ಸಪ್ಪ. ದಿನಾ ನಮ್ ಫ್ಯಾಟ್ ನುಂಗ್ತದೆ.”

ಹೀಗೆ ಹೇಳಿದವರದೇ ಹದಿನೇಳನೇ ನಂಬರು. ನಲವತ್ತರ ಆಸುಪಾಸಿನ, ಎತ್ತರದ, ಗಟ್ಟಿ ಧ್ವನಿಯ ಹೆಂಗಸು. ಕ್ಯಾನಿನ ಮುಚ್ಚಳ ತೆಗೆದು, “ತಗಳವ್ವ, ನಿಂಗೂ ಒಂದ್ ಗುಟುಕು” ಎಂದು ಮುಂದಿಟ್ಟರು. ನಾನು ಅವರನ್ನು ಅಕ್ಕ ಎಂದು ಕರೆದೆ. ಏಳೂಮುಕ್ಕಾಲಿಗೆ ನನ್ನ ಪುಸ್ತಕದಲ್ಲಿ ನಲವತ್ತೊಂದು ನಂಬರು, ಡಬ್ಬದಲ್ಲಿ ನಲವತ್ತೊಂದು ಟ್ಯೂಬು. ಎರಡು ಸಲ ಎಣಿಸಿದೆ. ಬಸ್ಸಿನಲ್ಲಿ ಅರಸೀಕೆರೆಗೆ ಬಂದು ಮಧ್ಯಾಹ್ನದ ರೈಲಿಗೆ ಡಬ್ಬ ಕಳಿಸಿದಾಗ ಅಷ್ಟು ಚೊಕ್ಕವಾಗಿ ಆ ಏಳು ತಿಂಗಳಲ್ಲಿ ಒಂದು ದಿನವೂ ಕೆಲಸ ಮುಗಿದಿರಲಿಲ್ಲ ಅನ್ನಿಸಿತು.

ಒಂಬತ್ತನೇ ದಿನ, ಬುಧವಾರ, ಫಲಿತಾಂಶ ಬಂತು. ನಲವತ್ತೊಂದರಲ್ಲಿ ಒಂದರಲ್ಲಿ ಮಾತ್ರ ಕಂದು ರೋಗದ ಜೀವಿ ಇತ್ತು. ಅದು ಹದಿನೇಳು.

ಮಾರನೇ ದಿನ ಗುರುವಾರ ಅಕ್ಕನ ಮನೆಗೆ ಹೋದೆ. ಊರ ಬಾಗಿಲಲ್ಲಿ ಒಂದು ಆಲದ ಮರ. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಹಳೇ ಗೋಣಿಯಲ್ಲಿ ಗಂಟು ಕಟ್ಟಿ ಹಾಲು ಸುರಿಯುವ ಮರಕ್ಕೆ ನೇತು ಹಾಕಿದರೆ ಹಸುವಿಗೂ ಹಾಲು ಹೆಚ್ಚುತ್ತದೆ ಎಂದು ಅಲ್ಲಿ ಮಾಡುತ್ತಾರೆ. ನಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದಾದ್ದರಿಂದ ನಾನು ಪ್ರತಿ ಊರಿನಲ್ಲೂ ಇಂಥ ಗಂಟುಗಳನ್ನು ಎಣಿಸುತ್ತಿದ್ದೆ. ಅಲ್ಲಿ ಆರು ಇದ್ದವು. ಐದು ಒಣಗಿ ಬೆಳ್ಳಗಾಗಿದ್ದವು, ಒಂದರ ಗೋಣಿಯ ಕಲೆ ಇನ್ನೂ ಕಪ್ಪಗಿತ್ತು. “ಆರು, ಒಂದು ಈಚಿನದು” ಎಂದು ಬರೆದುಕೊಂಡೆ. ಯಾರದೆಂದು ಯಾರನ್ನೂ ಕೇಳಲಿಲ್ಲ.

ಅಕ್ಕ ಕೊಟ್ಟಿಗೆಯ ಮುಂದೆ ಸಗಣಿ ಬಾಚುತ್ತಿದ್ದರು. ನಾನು ವಿಷಯ ಹೇಳಿದೆ. ಹಾಲಿನಲ್ಲಿ ರೋಗದ ಜೀವಿ ಸಿಕ್ಕಿದೆ, ಹಸುವನ್ನು ಬೇರೆ ಕಟ್ಟಬೇಕು, ಹಾಲು ಕರೆಯುವಾಗ ಕೈಚೀಲ, ಅಂದರೆ ಗ್ಲೌಸ್, ಹಾಕಿಕೊಳ್ಳಬೇಕು, ಕಾಯಿಸದೆ ಹಾಲು ಕುಡಿಯಬಾರದು, ಡೇರಿಗೆ ಈಗ ಹಾಕಬಾರದು, ಪಶು ಡಾಕ್ಟರು ಬಂದು ನೋಡುತ್ತಾರೆ. ಅವರು ಕೈಯಲ್ಲಿದ್ದ ಪೊರಕೆ ಹಾಗೇ ಹಿಡಿದು ನಿಂತರು. ಹಸುವಿನ ಕಡೆ ನೋಡಿದರು, ಆಮೇಲೆ ಹಿತ್ತಿಲ ಗೋಡೆಯ ಕಡೆ.

“ಯಾವ್ ಹಸು ಅಂತ ಅದ್ರಲ್ಲಿ ಗೊತ್ತಾಯ್ತದಾ?”

“ನಿಮ್ಮದು ಒಂದೇ ಹಸು ಅಲ್ವಾ ಅಕ್ಕ?”

“ಹೂಂ. ಒಂದೇ.”

“ಅದು ಯಾವಾಗ ಕರು ಹಾಕಿದ್ದು?”

“ಗೌರಿ ಹಬ್ಬದ್ ಹೊತ್ನಲ್ಲಿ. ಕರು ಚೆನ್ನಾಗೈತೆ. ಅಕೋ, ಅಲ್ ಕಟ್ಟಿದೀನಿ.”

ಕಂದು ರೋಗದ ಹಸು ದಿನ ತುಂಬಿದ ಗಟ್ಟಿಮುಟ್ಟಾದ ಕರು ಹಾಕುವುದೂ ಉಂಟು. ಆದ್ದರಿಂದ ನನಗೆ ಅನುಮಾನ ಬರಲಿಲ್ಲ. ಮನೆಯ ವಿವರದ ಫಾರಂ ತೆಗೆದೆ. ಹದಿನಾಲ್ಕನೇ ಪ್ರಶ್ನೆ: ಮನೆಯಲ್ಲಿ ಗರ್ಭಿಣಿಯರು ಇದ್ದಾರೆಯೇ? ಇದ್ದರೆ ಹದಿನೈದರಿಂದ ಹದಿನೆಂಟರವರೆಗೆ ಓದಿ ಹೇಳಿ. ಇಲ್ಲದಿದ್ದರೆ ಹತ್ತೊಂಬತ್ತಕ್ಕೆ ಹೋಗಿ.

“ಮನೇಲಿ ಬಸುರಿಯರು ಯಾರಾದ್ರೂ ಇದ್ದಾರಾ?”

“ಈ ವಯಸ್ನಲ್ಲಾ?” ಎಂದು ನಕ್ಕರು. “ನಮ್ಮನೇಲಿ ನಾನೊಬ್ಳೇ ಹೆಂಗ್ಸು ಕಣವ್ವ. ಇಲ್ಲ ಅಂತ ಬರ್ಕೊ.”

ಇಲ್ಲ ಎಂದು ಬರೆದು ಹತ್ತೊಂಬತ್ತಕ್ಕೆ ಹೋದೆ. ಬಿಟ್ಟ ನಾಲ್ಕು ಪ್ರಶ್ನೆಗಳಲ್ಲಿ, ಈ ರೋಗ ಬಸುರಿಗೆ ತಗುಲಿದರೆ ಮಗು ಉಳಿಯದೆ ಹೋಗಬಹುದು ಎಂಬ ಎಚ್ಚರಿಕೆ ಇತ್ತು. ಅದನ್ನು ನಾನು ಆ ದಿನ ಬಾಯಿ ಬಿಟ್ಟು ಹೇಳಲಿಲ್ಲ.

ಹಸುವಿನ ರಕ್ತ ತೆಗೆದುಕೊಂಡೆ. ಒಂದು ಮನೆಗೆ ಎರಡು ಜೊತೆ ರಬ್ಬರ್ ಕೈಚೀಲ ಕೊಡುವುದು ನಮ್ಮ ಲೆಕ್ಕ. ಅಕ್ಕ ಎರಡು ಜೊತೆ ತೆಗೆದುಕೊಂಡು, ಇನ್ನೆರಡು ಬೇಕು ಎಂದರು. ಕೊಟ್ಟೆ. ಶನಿವಾರ ಪಶು ಡಾಕ್ಟರ ಜೊತೆ ಹೋದಾಗ ಮತ್ತೆ ಎರಡು ಕೇಳಿದರು.

“ಕೊಟ್ಟಿದ್ದು ಎಲ್ಲಿ ಹೋಯ್ತು ಅಕ್ಕ?”

“ಹರಿದೋಯ್ತು. ನಿಮ್ ಕೈಚೀಲ ಏನು ಎಮ್ಮೆ ಚರ್ಮದ್ದಾ?”

ಪುಸ್ತಕದಲ್ಲಿ ಆರು ಜೊತೆ ಎಂದು ಬರೆದು ಪಕ್ಕಕ್ಕೆ ಪ್ರಶ್ನೆ ಚಿಹ್ನೆ ಹಾಕಿದೆ. ಉಳಿದಂತೆ ಅವರು ಹೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ್ದರು. ಹಸುವನ್ನು ಹುಲ್ಲುಮೆದೆಯ ಆಚೆ ಕಟ್ಟಿದ್ದರು. ಡೇರಿಗೆ ಹಾಲು ಹಾಕುವುದನ್ನು ನಿಲ್ಲಿಸಿದ್ದರು. ಅವರ ಯಜಮಾನರು ಜಗಲಿಯಿಂದಲೇ ನನ್ನನ್ನು ಕೇಳಿದರು: “ಊರಲ್ಲಿ ನಲವತ್ತ್ ಹಸು ಇದ್ರೂ ನಿಮ್ ಕಣ್ಣಿಗೆ ನಮ್ದೇ ಬೀಳ್ಬೇಕಿತ್ತಾ?”

ಮಂಗಳವಾರ ಹಸುವಿನ ರಕ್ತದ ಫಲಿತಾಂಶ ಬಂತು. ರೋಗದ ಗುರುತೇ ಇರಲಿಲ್ಲ.

ಗೈಡ್ ಮೇಡಂ ಫೋನ್ ಮಾಡಿದರು. “ಹಾಲು ಒಂದು ಹೇಳ್ತಿದೆ, ರಕ್ತ ಇನ್ನೊಂದು ಹೇಳ್ತಿದೆ. ಟ್ಯೂಬ್ ಅದಲು ಬದಲಾಗಿದೆ ಅನ್ಸುತ್ತೆ.”

“ಇಲ್ಲ ಮೇಡಂ. ಎರಡು ಸಲ ಎಣಿಸಿದೀನಿ. ಪುಸ್ತಕದ ಫೋಟೋ ಕಳಿಸ್ಲಾ?”

“ಎಣಿಸೋದು ಬೇರೆ, ಸರಿಯಾಗಿರೋದು ಬೇರೆ ಕಣೇ. ಆಯ್ತು, ಹಾಲನ್ನೂ ರಕ್ತಾನೂ ಪಕ್ಕ ಪಕ್ಕ ಇಟ್ಟು ನೋಡೋಣ.”

ಹಾಲಿನಲ್ಲಿ ಹಸುವಿನ ಮೈಯ ಜೀವಕೋಶಗಳೂ ಬೆರೆತು ಬರುತ್ತವೆ. ಅವುಗಳ ಡಿಎನ್ಎಯನ್ನು ಹಸುವಿನ ರಕ್ತದ ಡಿಎನ್ಎಗೆ ಹೋಲಿಸಿದರೆ ಈ ಹಾಲು ಈ ಹಸುವಿನದೇ ಎಂದು ತಿಳಿಯುತ್ತದೆ. ನಾನು ಟ್ಯೂಬ್ ಅದಲು ಬದಲು ಮಾಡಿದ್ದೇನೋ ಇಲ್ಲವೋ ಎಂದು ತೀರ್ಮಾನಿಸಲಿಕ್ಕೆಂದೇ ಮೇಡಂ ಅದನ್ನು ಮಾಡಿಸಿದರು. ಆ ಆರು ದಿನ ನನಗೆ ಅದೊಂದೇ ಚಿಂತೆ. ತಪ್ಪು ನನ್ನದಲ್ಲ ಎಂದು ಬರಲಿ ಎಂದುಕೊಳ್ಳುತ್ತಿದ್ದೆ. ಆ ಊರಿಗೆ ಹೋಗಲೂ ಇಲ್ಲ.

ಸೋಮವಾರ ಬೆಳಿಗ್ಗೆ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿದ್ದಾಗ ಫೋನ್ ಬಂತು.

“ನೀನು ಟ್ಯೂಬ್ ಅದಲು ಬದಲು ಮಾಡಿಲ್ಲ. ಆ ಹಸುವಿನ ಹಾಲು ಅದರಲ್ಲಿದೆ. ಆದ್ರೆ ಅದೊಂದರದೇ ಅಲ್ಲ. ಎರಡು ಹಸುವಿನ ಹಾಲಿದೆ.”

ನಾನು ಬೆಂಚಿನ ಮೇಲೆ ಕೂತೆ. ಒಂದು ಕ್ಷಣ ಸಮಾಧಾನವೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಆರು ಜೊತೆ ಕೈಚೀಲದ ಲೆಕ್ಕ ನೆನಪಾಯಿತು. ಅಕ್ಕ ಹಿತ್ತಿಲ ಗೋಡೆಯ ಕಡೆ ನೋಡಿದ್ದೂ ನೆನಪಾಯಿತು. ಅಕ್ಕನ ಮನೆಗೆ ಮೊದಲು ಹೋದ ಗುರುವಾರದಿಂದ ಆ ಸೋಮವಾರಕ್ಕೆ ಹನ್ನೊಂದು ದಿನ.

ಅಲ್ಲಿಂದ ನೇರ ಊರಿಗೆ ಹೋದೆ. ಅಕ್ಕ ಒಬ್ಬರೇ ಇದ್ದರು, ರಾಗಿ ಕೇರುತ್ತಿದ್ದರು. ನಾನು ಕೂರದೆ ಕೇಳಿದೆ. “ಅಕ್ಕ, ನಿಮ್ಮ ಕ್ಯಾನಲ್ಲಿ ಇನ್ಯಾರ ಹಾಲಿತ್ತು?”

ಮೊರ ನಿಂತಿತು. “ಯಾರ್ ಹೇಳುದ್ರು?”

“ಹಾಲೇ ಹೇಳ್ತು.”

ಅವರು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. ಗೋಡೆಯಾಚೆ ಇರುವುದು ಅವರ ಮೈದುನನ ಮನೆ. ಅಣ್ಣ ತಮ್ಮ ಪಾಲಾಗಿ ಮೂರು ವರ್ಷ. ಒಂದು ಬದುವಿನ ವಿಷಯಕ್ಕೆ ಮಾತು ಬಿಟ್ಟಿದ್ದರು. ಡೇರಿ ನಂಬರು ಅಣ್ಣನ ಪಾಲಿಗೆ ಬಂತು. ತಮ್ಮನ ಹಸುವಿನ ಒಂದು ತೊಟ್ಟು ಹಾಲೂ ತನ್ನ ನಂಬರಿಗೆ ಬೀಳಕೂಡದು ಎಂದು ಅಣ್ಣ ಎಲ್ಲರೆದುರು ಹೇಳಿದ್ದರು. ಹೊಸ ನಂಬರು ಮಾಡಿಸಿಕೊಳ್ಳಲು ಡೇರಿಗೆ ಹೋಗಿ ಕೇಳುವುದು ತಮ್ಮನಿಗೆ ಅವಮಾನ. ಹೆಂಡತಿ ಹಾಲನ್ನು ಹಗರೆ ರಸ್ತೆಯ ಹೋಟೆಲಿಗೆ ಕಳಿಸುತ್ತಾಳೆ ಎಂದು ಅವರು ತಿಳಿದಿದ್ದರು. ಓರಗಿತ್ತಿಯರಿಬ್ಬರೂ ತಮ್ಮಷ್ಟಕ್ಕೆ ಒಂದು ದಾರಿ ಮಾಡಿಕೊಂಡಿದ್ದರು. ಬೆಳಿಗ್ಗೆ ತಂಬಿಗೆಯ ತುಂಬ ಹಾಲು ಗೋಡೆ ದಾಟಿ ಬರುತ್ತಿತ್ತು. ಅಕ್ಕ ಅದನ್ನು ತಮ್ಮ ಕ್ಯಾನಿಗೆ ಸುರಿದುಕೊಳ್ಳುತ್ತಿದ್ದರು.

“ನೀನ್ ಬಂದ್ ಹೇಳಿದ್ ದಿನಾನೇ ನಂಗೆ ಗೊತ್ತಾಯ್ತು, ಅದು ಅವಳ್ ಹಸೂಂತ. ಅದು ತಿಂಗ್ಳು ತುಂಬ್ದೆ ಕರು ಹಾಕ್ತು, ಕರು ಉಳೀಲಿಲ್ಲ. ಕೈಚೀಲ ಕೊಟ್ಟೆ. ಹಸಿ ಹಾಲ್ ಕುಡೀಬ್ಯಾಡ ಅಂದೆ. ಇಬ್ರೂ ಡೇರಿಗೆ ನಿಲ್ಸುದ್ವಿ. ನೀನ್ ಹೇಳಿದ್ದೆಲ್ಲಾ ಮಾಡ್ಸಿದೀನಿ. ಬಾಯ್ ಬಿಟ್ರೆ ಈ ಮನೇಲಿ ರಾಮಾಯ್ಣ ಆಯ್ತದೆ ಅಂತ ಸುಮ್ಕಿದ್ದೆ, ಅಷ್ಟೇಯ.”

“ಅವರ ಮನೇಲಿ ಯಾರಿಗಾದ್ರೂ ಜ್ವರ ಇದೆಯಾ?”

“ಅವ್ಳಿಗೇ ಒಂದ್ವಾರದಿಂದ ಸಂಜೆ ಹೊತ್ತು ಮೈ ಬೆಚ್ಚಗಾಯ್ತದೆ. ಬಸುರಿಗೆ ಉಷ್ಣ ಇರ್ತದಲ್ಲ. ಮೆಣಸಿನ ಕಷಾಯ ಮಾಡ್ಕೊಟ್ಟಿದೀನಿ.”

ಬಸುರಿ ಎಂಬ ಮಾತು ನನಗೆ ಸರಿಯಾಗಿ ಕೇಳಿಸಿತೇ ಎಂದು ಮತ್ತೆ ಕೇಳಿದೆ.

“ಐದ್ ತಿಂಗ್ಳು ತುಂಬೈತೆ. ಯಾಕವ್ವ? ಯಾಕೆ ಹಂಗ್ ನೋಡ್ತೀಯ?”

ಅಂದು ಬಿಟ್ಟ ನಾಲ್ಕು ಪ್ರಶ್ನೆಗಳಲ್ಲಿ ಏನಿತ್ತೆಂದು ಆಗ ಹೇಳಿದೆ. ಅಕ್ಕ ಮೊರ ಕೆಳಗಿಟ್ಟರು. ಆಮೇಲೆ, “ಸಂಕ್ರಾಂತಿಯಿಂದ ಅವ್ಳಿಗೆ ಅವಳ್ ತಂಬಿಗೆಯಿಂದ್ಲೇ ದಿನಾ ಒಂದ್ ಲೋಟ ಹಸಿ ನೊರೆಹಾಲು ಕೊಡ್ತಿದ್ದೆ. ಬಸುರಿ ಹೆಂಗ್ಸು, ಮೈ ತುಂಬ್ಕಳ್ಲಿ ಅಂತ. ಅವ್ಳು ಬ್ಯಾಡ ಅಂದ್ರೂ ಗೋಡೆ ಪಕ್ದಲ್ಲಿ ನಿಂತ್ಕಂಡು ಕುಡಿಸ್ತಿದ್ದೆ. ನೀನ್ ಬಂದ್ ದಿನ ನಿಲ್ಸುದ್ದು” ಎಂದರು.

ಗೋಡೆಯಾಚೆಯ ಆ ಹುಡುಗಿಯನ್ನು ನಾನು ಆಗಲೇ ಮೊದಲು ನೋಡಿದ್ದು. ಇಪ್ಪತ್ತಮೂರು ವರ್ಷ, ನನ್ನ ವಯಸ್ಸೇ. ಹಿತ್ತಿಲಲ್ಲಿ ಬಿಸಿಲಿಗೆ ಶಾಲು ಹೊದ್ದು ಕೂತಿದ್ದಳು. ಕೊಟ್ಟಿಗೆಯ ಗೂಟದ ಮೇಲೆ ಕೈಚೀಲಗಳು ಹೊಸದಾಗಿಯೇ ನೇತಾಡುತ್ತಿದ್ದವು. “ಅದ್ ಹಾಕ್ಕಂಡ್ರೆ ಹಸು ಒದೀತದೆ” ಎಂದಳು. ಕರು ಹಾಕುವ ದಿನ ಗಂಡ ಮನೆಯಲ್ಲಿರಲಿಲ್ಲವಂತೆ. ತಾನೇ ಕೈ ಹಾಕಿ ಕರುವನ್ನು ಎಳೆದಳಂತೆ. ಮಾಸನ್ನು ಬರಿಗೈಯಲ್ಲಿ ಎತ್ತಿ ಗಂಟು ಕಟ್ಟಿದಳಂತೆ. ಆಲದ ಮರದ ಆರನೇ ಗಂಟು ಅವಳದೇ.

ರಕ್ತ ತೆಗೆಯುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ನಂಗೇನಾದ್ರೂ ಆಗ್ಲಿ. ಕೂಸಿಗೇನೂ ಆಗಲ್ಲ ತಾನೆ?”

“ಈಗಲೇ ಔಷಧಿ ಶುರು ಮಾಡಿದರೆ ಚೆನ್ನಾಗಿರುತ್ತೆ” ಎಂದೆ. ಪ್ರಶ್ನೆಗೆ ಅದು ಉತ್ತರವಲ್ಲ.

ಬೇಲೂರಿಗೆ ಅವತ್ತೇ ಹೊರಡಬೇಕಿತ್ತು. ಅಷ್ಟರಲ್ಲಿ ಗಂಡಸರಿಬ್ಬರೂ ಬಂದರು. ಯಾಕೆ ಆಸ್ಪತ್ರೆ, ಯಾವ ಹಾಲು, ಯಾವ ನಂಬರು ಎಂದು ಒಂದೊಂದಾಗಿ ಹೊರಬಿತ್ತು. ಅಣ್ಣ ಜಗಲಿಯಿಂದ ಕೂಗಾಡಿದರು.

“ನನ್ ನಂಬರ್ನಲ್ಲಿ ಅವನ್ ಹಾಲಾ? ನನ್ ಮನೇಲೇ ಕುಂತ್ಕಂಡು ನನ್ ಕಣ್ಣಿಗೆ ಮಣ್ಣೆರಚ್ದ್ಯಾ?”

“ನಿಮ್ ನಂಬರಾ?” ಅಕ್ಕ ತಿರುಗಿ ನಿಂತರು. “ಸಗಣಿ ಬಾಚೋಳು ನಾನು, ಹಾಲ್ ಕರಿಯೋಳು ನಾನು, ನಂಬರ್ ಮಾತ್ರ ನಿಮ್ದಾ? ಆಮೇಲ್ ಬೈರಿ, ಬೇಕಾದ್ರೆ ಹೊಡೀರಿ. ಮೊದ್ಲು ಆಟೊ ಕರೀರಿ.”

ತಮ್ಮ ತಗ್ಗಲಿಲ್ಲ. “ನಮ್ಮನೆ ಹೆಂಗ್ಸು ಅವ್ರ್ ಕರೆದ ಆಟೊದಲ್ಲಿ ಹೋಗಂಗಿಲ್ಲ.”

“ಹಂಗಾರೆ ನೀವೇ ಹೊತ್ಕಂಡ್ ನಡೀರಿ ಬೇಲೂರ್ಗಂಟ,” ಎಂದಳು ಶಾಲಿನೊಳಗಿನ ಹುಡುಗಿ. “ಇಬ್ರ ತೂಕ ಆಗೀವ್ನಿ, ನೋಡ್ಕಳಿ.”

ಬೇಲಿಯ ಹತ್ತಿರ ನಿಂತಿದ್ದ ಯಾರೋ ನಕ್ಕರು. ತಮ್ಮ ನನ್ನ ಕಡೆ ತಿರುಗಿದರು. ಅವರ ಧ್ವನಿ ಏರಲಿಲ್ಲ. “ನೀವ್ ಓದಿದೋರಲ್ವಾ? ಹದ್ನೇಳು ಅಂತ ನಂಬರ್ ನೋಡ್ಕಂಡ್ ಬಂದ್ರಿ. ಗೋಡೆ ಆಚೆ ಒಂದ್ ಮನೆ ಐತೆ ಅಂತ ಕಾಣ್ನಿಲ್ವಾ?”

ಆಟೊ ಬಂತು, ಅಣ್ಣನೇ ಕರೆಸಿದ್ದು. ಓರಗಿತ್ತಿಯರಿಬ್ಬರೂ ನಾನೂ ಹಿಂದೆ ಕೂತೆವು, ತಮ್ಮ ಮುಂದೆ.

ಗುರುವಾರ ಅವಳ ರಕ್ತದ ಫಲಿತಾಂಶ ಬಂತು. ರೋಗ ಇತ್ತು. ಆಸ್ಪತ್ರೆಯ ಡಾಕ್ಟರಮ್ಮ ಬಸುರಿಯರಿಗೆ ಆಗುವಂಥ ಮಾತ್ರೆಗಳನ್ನು ಆರು ವಾರಕ್ಕೆ ಬರೆದರು. ನಾನು ಎರಡು ದಿನಕ್ಕೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲವೂ ಖಾಲಿಯಾದ ಮಾತ್ರೆಯ ಪಟ್ಟಿ ಎಣಿಸುತ್ತಿದ್ದೆ, ಒಂದೂ ತಪ್ಪಿರಲಿಲ್ಲ. ಎರಡನೇ ವಾರಕ್ಕೆ ಜ್ವರ ನಿಂತಿತು. ಅಕ್ಕ ಗೋಡೆ ಸುತ್ತಿ ಮುಂಬಾಗಿಲಿನಿಂದಲೇ ಅವರ ಮನೆಗೆ ಹೋಗಲು ಶುರುಮಾಡಿದ್ದರು. ಅಣ್ಣ ತಮ್ಮ ಇನ್ನೂ ಮಾತಾಡುತ್ತಿರಲಿಲ್ಲ. ಅವಳು ಒಮ್ಮೆ ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡು, “ಒದೀತೈತೆ ನೋಡಿ, ಹಸೂಗಿಂತ ಜೋರು” ಎಂದಳು. ಆ ದಿನ ನಾನು ಪುಸ್ತಕದಲ್ಲಿ, ಯಾವ ಅಂಕಣಕ್ಕೂ ಸೇರದಿದ್ದರೂ, “ಮಗು ಒದೆಯುತ್ತಿದೆ” ಎಂದು ಬರೆದೆ.

ನಾಲ್ಕನೇ ವಾರದ ಶನಿವಾರ ಫೋನ್ ಮಾಡಿದವರು ಅವಳ ಗಂಡ. “ಬೆಳಿಗ್ಗೆ ಹೊಟ್ಟೆನೋವು ಬಂತು. ಬೇಲೂರಲ್ಲಿದೀವಿ. ಮಗು ಹೋಯ್ತು. ಹೆಣ್ಮಗು.” ಅಷ್ಟು ಹೇಳಿ ಇಟ್ಟುಬಿಟ್ಟರು.

ಹನ್ನೊಂದು ದಿನ ಮೊದಲೇ ಮಾತ್ರೆ ಶುರುವಾಗಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಜ್ವರ ಬಂದದ್ದು ನಾನು ಮೊದಲ ಸಲ ಆ ಮನೆಗೆ ಹೋದ ಮೂರನೇ ದಿನಕ್ಕೆ. ಆ ಮೊದಲ ಸಲವೇ ಗೋಡೆಯಾಚೆಯ ಮನೆಗೂ ಹೋಗಿದ್ದರೆ, ಜ್ವರದ ಮೊದಲ ದಿನವೇ ಗೊತ್ತಾಗುತ್ತಿತ್ತು. ಡಾಕ್ಟರಮ್ಮ ನನ್ನನ್ನು ಕೂರಿಸಿ, “ಹೇಳೋಕೆ ಆಗಲ್ಲಮ್ಮ. ಉಳೀತಿತ್ತು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ” ಎಂದರು. ಗೈಡ್ ಮೇಡಂ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದರು. ನಡೆದದ್ದನ್ನೆಲ್ಲ ದಿನಾಂಕದ ಸಮೇತ ಬರೆದು ಕಳಿಸಿದೆ. ಕ್ಯಾನಿನಿಂದ ಹಾಲು ತೆಗೆಯುವುದು ನನ್ನ ಉಪಾಯ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದೆ. ಒಪ್ಪಿದ್ದು ತಾವೆಂದು ಮೇಡಂ ಅದರ ಕೆಳಗೆ ಸೇರಿಸಿದರು. ಅಲ್ಲಿಂದ ಮುಂದೆ ಹಾಲನ್ನು ಕೊಟ್ಟಿಗೆಯಲ್ಲೇ ಹಿಡಿಯುವುದು, ಬಸುರಿಯರ ಎಚ್ಚರಿಕೆಯನ್ನು ಎಲ್ಲ ಮನೆಗಳಲ್ಲೂ ಓದಿ ಹೇಳುವುದು ಎಂದಾಯಿತು.

ಮಾರ್ಚ್ ಕೊನೆಯಲ್ಲಿ ಜೀನೋಮಿನ ಫಲಿತಾಂಶ ಬಂತು. ಆ ಜೀವಿಯ ಜೀನೋಮಿನಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳು. ಹಾಲಿನಲ್ಲಿ ಸಿಕ್ಕಿದ್ದಕ್ಕೂ ಅವಳ ರಕ್ತದಲ್ಲಿ ಸಿಕ್ಕಿದ್ದಕ್ಕೂ ಒಂದೇ ಒಂದು ಅಕ್ಷರದ ವ್ಯತ್ಯಾಸ. ನಾವು ಹುಡುಕುತ್ತಿದ್ದ ಜೋಡಿ ಅದೇ. “ಎಷ್ಟು ಕ್ಲಿಯರ್ ಆಗಿದೆ ನೋಡು” ಎಂದು ಮೇಡಂ ಫೋನಿನಲ್ಲಿ ಹೇಳಿ, ತಕ್ಷಣ ಧ್ವನಿ ತಗ್ಗಿಸಿದರು. ಆಮೇಲೆ, “ಅವರಿಗೆ ನೀನೇ ಹೇಳ್ತೀಯಾ?” ಎಂದರು.

ಹುಡುಗಿ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಫಲಿತಾಂಶ ಹೇಳಿದೆ.

“ನಮ್ ಹಸುವಿಂದ್ಲೇ ಅಂತ ಖಂಡಿತ್ವಾ?”

“ಖಂಡಿತ.”

“ಹಾಲಿಂದ್ಲೋ? ಕೈಯಿಂದ್ಲೋ?”

ಜೀನೋಮ್ ಅದನ್ನು ಹೇಳುವುದಿಲ್ಲ. ಯಾವ ಹಸು ಎಂದು ಹೇಳುತ್ತದೆ, ಮೈಯೊಳಕ್ಕೆ ಯಾವ ದಾರಿಯಲ್ಲಿ ಬಂತು ಎಂದಲ್ಲ. ಗೊತ್ತಿಲ್ಲ ಎಂದೆ.

ಅವಳು ಗೋಡೆಯ ಕಡೆ ನೋಡಿ ಮೆಲ್ಲಗೆ ಹೇಳಿದಳು. “ಅಕ್ಕ ಅನ್ನ ಸರಿಯಾಗ್ ತಿಂತಿಲ್ಲ. ಆ ಲೋಟ ಎತ್ತಿ ಅಟ್ಟದ್ ಮೇಲ್ ಎಸೆದವ್ರೆ. ನನ್ ಮುಖ ನೋಡಲ್ಲ. ನೀವ್ ಹೋಗಿ ಕೈಯಿಂದ್ಲೇ ಬಂದಿದ್ದು, ಬೆಂಗ್ಳೂರಿಂದ ಹಂಗೇ ಬರೆದವ್ರೆ ಅಂತ ಹೇಳ್ರಿ. ನಿಮ್ ಮಾತು ನಂಬ್ತಾರೆ. ಕರು ಎಳೆದೋಳು ನಾನೇ ತಾನೆ?”

ಹೇಳಿಬಿಡುವುದು ಸುಲಭವಿತ್ತು. ಪುಸ್ತಕ ತೆಗೆದು ದಿನಗಳನ್ನು ಲೆಕ್ಕ ಹಾಕಿದೆ. ಕರು ಎಳೆದ ದಿನದಿಂದ ಜ್ವರ ಬಂದ ದಿನಕ್ಕೆ ಇಪ್ಪತ್ತೆಂಟು. ಮೊದಲ ಲೋಟದಿಂದ ಜ್ವರಕ್ಕೆ ಹತ್ತು. ಈ ರೋಗ ಮೈಯೊಳಗೆ ಹೊಕ್ಕು ಎರಡರಿಂದ ನಾಲ್ಕು ವಾರಕ್ಕೆ ಕಾಣಿಸಿಕೊಳ್ಳುವುದು ಹೆಚ್ಚು. ಬೇಗ ಬಂದದ್ದೂ ಇದೆ, ತಿಂಗಳುಗಳಾದದ್ದೂ ಇದೆ.

ಅಕ್ಕ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದರು. ನಾನು ಈ ಲೆಕ್ಕವನ್ನು ಇದ್ದ ಹಾಗೆ ಹೇಳಿದೆ. ದಿನ ನೋಡಿದರೆ ಕೈಯಿಂದ ಬಂದಿರುವುದೇ ಹೆಚ್ಚು ಅನ್ನಿಸುತ್ತದೆ, ಆದರೆ ಖಂಡಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ ಎಂದೆ. ನಾನು ನಂಬರ್ ನೋಡಿ ಹಾಲು ಹಿಡಿದದ್ದು, ಬಸುರಿಯರ ಮಾತನ್ನು ಓದದೆ ದಾಟಿಸಿದ್ದು, ಅದೂ ಲೆಕ್ಕದಲ್ಲಿದೆ ಎಂದೆ.

ಅವರು ಹುಲ್ಲು ಹಾಕಿ ಮುಗಿಸಿದರು. “ಅವ್ಳು ಹೇಳ್ಕೊಟ್ಟು ಕಳ್ಸಿದ್ಲಾ, ಕೈಯಿಂದ ಅನ್ನು ಅಂತ?”

ನಾನು ಪುಸ್ತಕ ಮುಚ್ಚಿದೆ.

“ಗೊತ್ತು ಕಣವ್ವ. ನನ್ ಹತ್ರಾನೂ ಅದನ್ನೇ ಹೇಳ್ತಾಳೆ. ನೀನ್ ಏನಂತ ಬರ್ದಿದೀಯ?”

ಫಾರಂ ತೋರಿಸಿದೆ. ಸೋಂಕು ಬಂದ ದಾರಿ: ಹಾಲು, ಸ್ಪರ್ಶ, ತಿಳಿದಿಲ್ಲ. ಮೂರನೆಯದಕ್ಕೆ ಗುರುತು ಹಾಕಿದ್ದೆ. ಅವರು ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡು, ಓದಲು ಬರುವ ಅಷ್ಟಿಷ್ಟು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದರು.

“ಹಂಗೇ ಇರ್ಲಿ. ಅಳಿಸ್ಬ್ಯಾಡ” ಎಂದರು. ಕಾಗದ ಹಿಂದಕ್ಕೆ ಕೊಟ್ಟು, ಹೊರಗೆ ಬಂದು, ಗೋಡೆಯಾಚೆಗೆ ಅವಳ ಹೆಸರು ಹಿಡಿದು ಕೂಗಿದರು. ಅವರೆಕಾಯಿ ಬಿಡಿಸಿದ್ದು ಸಾಕು, ಬಿಸಿಲೇರಿತು, ಒಳಗೆ ಹೋಗಿ ಉಣ್ಣು ಎಂದರು. ಆಚೆಯಿಂದ ಉತ್ತರ ಬಂತು.

“ನೀವೂ ಬರ್ರಿ ಅಕ್ಕ, ನಾನೊಬ್ಳೇ ಉಣ್ಣಲ್ಲ.”

ಅಕ್ಕ ನನ್ನ ಕಡೆ ನೋಡಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಗೋಡೆ ಸುತ್ತಿ ಆ ಮನೆಯ ಮುಂಬಾಗಿಲ ಕಡೆ ನಡೆದರು.